ಕೆಂಪು ಶಾಯಿಯ ಹತ್ತಕ್ಕೆ ಹತ್ತು

ಮೂಡಬಿದ್ರೆ
೧-೮-೧೯೬೨, ಬುಧವಾರ

ಪ್ರೀತಿಯ ಕಾಂತಿ,

ಹೇಗಿದ್ದೀ ಮಗಾ? ಮಳೆಗಾಲಕ್ಕೆ ತಪ್ಪದೆ ಬರುವ ನಿನ್ನ ಕೆಮ್ಮು ಈ ಸಲ ಬಂದಿಲ್ಲ ಎಂದುಕೊಳ್ಳುತ್ತೇನೆ. ಬಂದಿದ್ದರೆ ಅತ್ತೆಯವರಿಗೆ ಹೇಳಲು ಸಂಕೋಚಪಡಬೇಡ. ನೀನು ಕೆಮ್ಮನ್ನೂ ಸೆರಗಿನಲ್ಲಿ ಒತ್ತಿ ಹಿಡಿಯುವವಳು. ಅಳಿಯಂದಿರು ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಅಜ್ಜಿಯ ಮೊಣಕಾಲು ನೋವು ಇದ್ದ ಹಾಗೆಯೇ ಉಂಟು. ನಿನ್ನೆ ಆಟಿ ತಿಂಗಳ ಅಮಾವಾಸ್ಯೆ. ಬೆಳಗಾಗುವ ಹೊತ್ತಿಗೆ ಕೆಲಸದ ಅಣ್ಣು ಪಾಲೆ ಮರದ ತೊಗಟೆ ತಂದುಕೊಟ್ಟು ಹೋದ. ಅಜ್ಜಿ ಬೆಳ್ಳುಳ್ಳಿ, ಕರಿಮೆಣಸು ಹಾಕಿ ಅರೆದು, ಕಹಿ ಕಷಾಯವನ್ನು ಮೂರು ಲೋಟಗಳಲ್ಲಿ ಸುರಿದಿಟ್ಟರು. ಮನೆಯಲ್ಲಿರುವುದು ನಾವಿಬ್ಬರೇ. ಮೂರನೆಯದು ಯಾರಿಗೆ ಎಂದು ನಾನು ಕೇಳಲಿಲ್ಲ. ಸಂಜೆಯವರೆಗೂ ಅದು ಅಡುಗೆಮನೆಯ ಕಿಟಕಿಯಲ್ಲಿ ಹಾಗೇ ಇತ್ತು.

ಅಮ್ಮ ಕನ್ನಡದಲ್ಲಿ ಬರೆದಿದ್ದಾಳಲ್ಲ ಎಂದು ನಿನಗೆ ಆಶ್ಚರ್ಯವಾಗಿರಬಹುದು. ನಾವಿಬ್ಬರೂ ಒಬ್ಬರಿಗೊಬ್ಬರು ಕನ್ನಡದಲ್ಲಿ ಬರೆದದ್ದೇ ಇಲ್ಲ. ನೀನು ಮಂಗಳೂರಿನ ಹಾಸ್ಟೆಲಿಗೆ ಸೇರಿದ ಮೊದಲ ಭಾನುವಾರದಿಂದಲೂ ನಮ್ಮದೊಂದು ಪದ್ಧತಿ: ನೀನು ಇಂಗ್ಲಿಷಿನಲ್ಲಿ ಬರೆಯುವುದು, ನಾನು ಅದೇ ಹಾಳೆಯಲ್ಲಿ ಕೆಂಪು ಶಾಯಿಯಿಂದ ತಿದ್ದಿ, ಅಂಕ ಹಾಕಿ, ನನ್ನ ಪತ್ರದ ಜೊತೆ ಮಡಚಿ ಕಳುಹಿಸುವುದು. ನಿನ್ನ ಅಪ್ಪ ಇದ್ದಾಗ, ಬೇರೆ ತಾಯಂದಿರು ಮಕ್ಕಳಿಗೆ ಉಪ್ಪಿನಕಾಯಿ ಕಳುಹಿಸಿದರೆ ನೀನು ಅರ್ಧ ವಿರಾಮ ಕಳುಹಿಸುತ್ತೀ ಎಂದು ನನಗೆ ಹೇಳಿ ನಗುತ್ತಿದ್ದರು. ನನಗದು ಹೆಮ್ಮೆಯೇ ಆಗಿತ್ತು. ಮದುವೆಯಾಗಿ ನೀನು ಬಂಟ್ವಾಳಕ್ಕೆ ಹೋದ ಮೇಲೂ ಆ ಪದ್ಧತಿ ಬಿಡಬೇಕೆಂದು ನನಗೆ ತೋಚಲಿಲ್ಲ. ಜುಲೈ ಎಂಟರ ನಿನ್ನ ಪತ್ರವನ್ನೂ ಹಾಗೆಯೇ ಓದಿದೆ. ಒಂದು ತಪ್ಪೂ ಇರಲಿಲ್ಲ. ಕೊನೆಗೆ ಹತ್ತಕ್ಕೆ ಹತ್ತು ಎಂದು ಬರೆದು, ಕೆಳಗೆ ಭೇಷ್ ಎಂದು ಸೇರಿಸಿ, ಅದೇ ಸಂಜೆ ಟಪಾಲಿಗೆ ಹಾಕಿದೆ. ಆಮೇಲೆ ನಿನ್ನಿಂದ ಪತ್ರವಿಲ್ಲ. ಹೊಸ ಮನೆಯ ಕೆಲಸ, ಪುರುಸೊತ್ತಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಸುಲಭವಾಗಿತ್ತು.

ರಹ್ಮತ್‌ಳ ನೆನಪುಂಟಾ ನಿನಗೆ? ಪೇಟೆಯಲ್ಲಿ ಒಣಮೀನಿನ ವ್ಯಾಪಾರದ ಹಾಜಬ್ಬನವರ ಸೊಸೆ. ಎಂಟನೇ ತರಗತಿಗೆ ಶಾಲೆ ಬಿಟ್ಟವಳು, ಈಗ ಎರಡು ಮಕ್ಕಳಾದ ಮೇಲೆ ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕೂರುತ್ತೇನೆಂದು ಹಟ ಹಿಡಿದಿದ್ದಾಳೆ. ಭಾನುವಾರ ಮಧ್ಯಾಹ್ನ ಕೊಡೆ ಮಡಚಿ ನಮ್ಮ ಚಾವಡಿಯಲ್ಲಿ ಕೂತರೆ, ಮಳೆ ಬಿಡಲಿ ಬಿಡದಿರಲಿ, ಐದು ಗಂಟೆಯವರೆಗೆ ಏಳುವವಳಲ್ಲ. ಕಳೆದ ಭಾನುವಾರ ನಾವು ತೆಗೆದುಕೊಂಡದ್ದು ಬಾಲವಿರುವ ಕ್ರಿಯಾಪದಗಳನ್ನು. ಅವಳಿಗೆ ಅವುಗಳ ಮೇಲೆ ಬಹಳ ಸಿಟ್ಟು. ಗಿವ್ ಅಂದರೆ ಕೊಡುವುದು, ಹಿಂದೆ ಅಪ್ ಬಂದು ಕೂತರೆ ಬಿಡುವುದು; ಇದೆಂಥ ಭಾಷೆ ಟೀಚರೇ, ನಮ್ಮ ಮಾವನ ತಕ್ಕಡಿಯ ಹಾಗೆ, ಕೊನೆಗೆ ಬೆರಳು ಇಟ್ಟದ್ದರ ಮೇಲೆ ಎಲ್ಲ ಅಂದಳು. ನಕ್ಕೆ. ವಾಂಟೆಡ್, ಟ್ರೈಡ್ ಎಂಬ ಭೂತಕಾಲದ ಮಾತುಗಳ ಹಿಂದೆ ಟು ಬಂದು, ಅದರ ಹಿಂದೆ ಈ ಬಾಲದ ಕ್ರಿಯಾಪದಗಳು ಹೇಗೆ ನಿಲ್ಲುತ್ತವೆ ಎಂದು ತೋರಿಸಿದೆ. ಮೊದಲನೆಯ ಮಾತು ಆಗಿಹೋದದ್ದು. ಅದರ ನಂತರ ಬಂದದ್ದಕ್ಕೆ ಕಾಲವೇ ಇಲ್ಲ. ಬಯಸಿದ್ದು ನಿಜ, ಬಯಸಿದ್ದು ನಡೆಯಿತೋ ಇಲ್ಲವೋ ವಾಕ್ಯ ಹೇಳುವುದಿಲ್ಲ. ಇಪ್ಪತ್ತು ವರ್ಷಗಳಿಂದ ಹೇಳುತ್ತಾ ಬಂದ ಪಾಠ ಇದು. ಆ ದಿನ ಹಂಚಿನ ಮೇಲೆ ಸುರಿಯುವ ಮಳೆಯ ಸದ್ದಿನಲ್ಲಿ ನನ್ನ ಮಾತೇ ನನಗೆ ದೂರದಿಂದ ಕೇಳಿದ ಹಾಗಾಯಿತು. ಕನಸಿನಲ್ಲಿ ಎತ್ತಿದ ಹೆಜ್ಜೆ ನೆಲ ಮುಟ್ಟದೇ ಇರುತ್ತದಲ್ಲ, ಆ ಕ್ರಿಯಾಪದಗಳೆಲ್ಲ ಹಾಗೆ ಕಾಲೆತ್ತಿ ನಿಂತಿರುವಂತೆ ಕಂಡವು.

ಉದಾಹರಣೆಗೆಂದು ನನ್ನ ಟಿಪ್ಪಣಿ ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿದೆ. ಅದರಲ್ಲಿದ್ದದ್ದು ನಿನ್ನ ವಾಕ್ಯಗಳು, ಕಾಂತಿ. ಅಷ್ಟು ಚೆನ್ನಾಗಿದ್ದವೆಂದು ಪತ್ರ ವಾಪಸು ಕಳುಹಿಸುವ ಮೊದಲು ನಕಲು ಮಾಡಿಟ್ಟುಕೊಂಡಿದ್ದೆ. ಅವಳು ಬೆರಳಿಟ್ಟು, ಒಂದೊಂದೇ ಓದಿ, ಕನ್ನಡಕ್ಕೆ ತಿರುಗಿಸುತ್ತಾ ಹೋದಳು. ಹೊಂದಿಕೊಂಡು ಹೋಗಲು ಪ್ರಯತ್ನಪಟ್ಟೆ. ಓದು ಮುಂದುವರಿಸಲು ಆಸೆಪಟ್ಟಿದ್ದೆ. ಬಿಟ್ಟುಬಿಡಲು ಹೇಳಲಾಯಿತು. ಆಟಿಗೆ ಅಲ್ಲಿಗೆ ಬಂದುಹೋಗಬೇಕೆಂದಿದ್ದೆ. ಮುಂದಕ್ಕೆ ಹಾಕಲು ನಿರ್ಧರಿಸಿದೆ. ಅಷ್ಟಕ್ಕೆ ನಿಲ್ಲಿಸಿ, ಪುಸ್ತಕದಿಂದ ಕಣ್ಣೆತ್ತದೆ, ತನ್ನಷ್ಟಕ್ಕೇ ಎಂಬಂತೆ ಅಂದಳು: “ಪಾಪ ಟೀಚರೇ, ಈ ಹೆಣ್ಣಿಗೆ ತಾಯಿ ಇಲ್ಲ ಅಂತ ಕಾಣ್ತದೆ. ಆಟಿಗೆ ಕರೆಯಲಿಕ್ಕೆ ಯಾರೂ ಹೋಗ್ಲಿಲ್ಲ.”

ಒಳಗೆ ಅಜ್ಜಿ ಪತ್ರೊಡೆಗೆ ಕೆಸುವಿನ ಎಲೆ ಸುತ್ತುತ್ತಿದ್ದರು. ಅವರ ಕೈ ನಿಂತದ್ದು ನನಗೆ ಗೊತ್ತಾಯಿತು. ಮದುವೆಯಾದ ಮೊದಲ ಆಟಿಗೆ ತವರಿನವರು ಹೋಗಿ, ಕೇಳಿ, ಮಗಳನ್ನು ಕರೆದುಕೊಂಡು ಬರಬೇಕು ಎಂದು ಅವರು ಎರಡು ಸಲ ಹೇಳಿದ್ದರು. ಓದಿದ ಹುಡುಗಿ, ಬಂಟ್ವಾಳದಿಂದ ಬಸ್ಸು ಹತ್ತಿ ತಾನೇ ಬರ್ತಾಳೆ, ಈ ಕಾಲದಲ್ಲಿ ಇದೆಲ್ಲ ಯಾಕೆ ಎಂದು ನಾನು ತೇಲಿಸಿಬಿಟ್ಟಿದ್ದೆ. ಕಾನ್ವೆಂಟಿನ ಸಿಸ್ಟರುಗಳಿಂದ ಕಲಿತು ಬಂದ ನನಗೆ ಶಾಸ್ತ್ರವೆಂದರೆ ಸ್ವಲ್ಪ ಅಸಡ್ಡೆ, ನಿನಗೆ ಗೊತ್ತು. ಕರೆಯದೆ ಸೊಸೆಯನ್ನು ಕಳುಹಿಸಿದರೆ ನಿನ್ನ ಅತ್ತೆಯವರಿಗೆ ಎಷ್ಟು ಮುಜುಗರ, ಕರೆಯಲು ಬಾರದ ತವರನ್ನು ಆ ಮನೆಯಲ್ಲಿ ನೀನು ಎಷ್ಟು ಸಲ ಸಮರ್ಥಿಸಿಕೊಳ್ಳಬೇಕಾಯಿತು, ಇದಾವುದೂ ನನ್ನ ಲೆಕ್ಕಕ್ಕೆ ಬರಲಿಲ್ಲ. ದಾರಿ ಕಾದವಳು ನಾನು ಎಂದುಕೊಂಡಿದ್ದೆ. ಕಾದವಳು ನೀನು.

ಆದರೆ ಮೂರು ದಿನಗಳಿಂದ ನನ್ನನ್ನು ಬಿಡದೆ ಕಾಡುತ್ತಿರುವುದು ಇನ್ನೊಂದು. ಬಿಟ್ಟುಬಿಡಲು ಹೇಳಲಾಯಿತು ಎಂದು ಬರೆದ ನೀನು, ಯಾರು ಹೇಳಿದರೆಂದು ಬರೆಯಲಿಲ್ಲ. ಮೊದಲು ಓದಿದಾಗ ನಿನ್ನ ಅತ್ತೆಯವರೇ ಇರಬೇಕು ಎಂದುಕೊಂಡು ಮುಂದೆ ಸರಿದಿದ್ದೆ. ಈಗ ತರಗತಿಯಲ್ಲಿ ಹುಡುಗಿಯರು ತಲೆ ಬಗ್ಗಿಸಿ ಬರೆಯುವ ಹೊತ್ತಿಗೆ ನನಗೆ ನಮ್ಮ ಹಿತ್ತಿಲ ಬಾಗಿಲು ಕಾಣುತ್ತದೆ. ಮದುವೆಗೆ ಮೊದಲಿನ ಏಪ್ರಿಲ್ ತಿಂಗಳ ಬಿಸಿಲು, ಹಪ್ಪಳ ಒಣಗಿಸಿದ ಚಾಪೆ, ಅದರ ಅಂಚಿನಲ್ಲಿ ನೀನು. ಬಿ.ಎ. ಇನ್ನೆರಡು ವರ್ಷ ಮುಗಿಸುತ್ತೇನೆ, ಹುಡುಗನ ಮನೆಯವರೂ ಆಗಲಿ ಅಂದಿದ್ದಾರೆ ಎಂದಿದ್ದೆ ನೀನು. “ಈಗ ಅದೆಲ್ಲ ಬೇಡ ಮಗಾ, ಕಾಲೇಜು ಬಿಡು. ಮತ್ತೆ ನೋಡುವ,” ಎಂದದ್ದು ನಾನು. ಒಳ್ಳೆಯ ಸಂಬಂಧ, ಏನಾದರೂ ಎಡವಟ್ಟಾದೀತೆಂಬ ಹೆದರಿಕೆ. ಹೆದರಿಕೆಯೋ, ಗಂಡನಿಲ್ಲದ ಮನೆಯಿಂದ ಮಗಳನ್ನು ಬೇಗ ದಾಟಿಸಿದೆನೆಂಬ ಸಮಾಧಾನವೋ, ಇನ್ನೂ ಸರಿಯಾಗಿ ಹೇಳಲಾರೆ. ನೀನು ಒಂದು ಹಪ್ಪಳವನ್ನು ತಿರುವಿಹಾಕಿ ಒಳಗೆ ಹೋದೆ. ಪತ್ರದಲ್ಲಿ ಕೂಡ ನನ್ನ ಹೆಸರು ಬರದ ಹಾಗೆ ನೋಡಿಕೊಂಡೆ. ಅದಕ್ಕೆ ನಾನು ಹತ್ತಕ್ಕೆ ಹತ್ತು ಕೊಟ್ಟೆ.

ಅಜ್ಜಿ ನಿನ್ನನ್ನು ಕೇಳಿದ್ದಾರೆ. ಅತ್ತೆಯವರಿಗೆ, ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಕಿಟಕಿಯ ಕಡೆ ತಲೆಯಿಟ್ಟು ಮಲಗುವ ಅಭ್ಯಾಸವನ್ನು ನೀನು ಬಿಟ್ಟಿರಲಾರೆ; ಆ ತಲೆಯ ಮೇಲೆ ಇಲ್ಲಿಂದಲೇ ಕೈಯಿಟ್ಟಿದ್ದೇನೆ.

ನಿನ್ನ ಅಮ್ಮ,
ಶಶಿಪ್ರಭಾ

ವಿ.ಸೂ.: ಟಪಾಲು ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಶನಿವಾರ ಶಾಲೆ ಬಿಟ್ಟ ಕೂಡಲೇ ಸಿದ್ದಕಟ್ಟೆ ದಾರಿಯ ಬಂಟ್ವಾಳ ಬಸ್ಸು ಹತ್ತುತ್ತೇನೆ. ಅಜ್ಜಿ ಹೇಳಿದ ಹಾಗೆ ವೀಳ್ಯ, ಬಾಳೆಹಣ್ಣು ಹಿಡಿದುಕೊಂಡೇ ಬರುತ್ತೇನೆ. ಆಟಿ ಮುಗಿಯುವವರೆಗೆ ನಿನ್ನನ್ನು ಕಳುಹಿಸಿಕೊಡಿ ಎಂದು ಅತ್ತೆಯವರನ್ನು ಕೇಳುತ್ತೇನೆ. ಕಾಲೇಜು ಬಿಡು ಅಂದವಳು ನಾನು, ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದು ನಿನ್ನ ಎದುರಿನಲ್ಲೇ ಅವರಿಗೆ ಹೇಳುತ್ತೇನೆ. ಮುಂದಿನದು ನಿನ್ನ ಇಷ್ಟ. ಜುಲೈ ಎಂಟರ ಆ ಹಾಳೆಯನ್ನು ಹರಿದುಹಾಕಿರದಿದ್ದರೆ ಚೀಲದಲ್ಲಿ ಇಟ್ಟುಕೋ. ಅದಕ್ಕೆ ನಾನಿನ್ನೂ ಉತ್ತರ ಬರೆದಿಲ್ಲ.