ನಲವತ್ತೊಂದನೆಯ ಬರಹ

ಇಟ್ಟಮಡು, ೨೦೦೯

ಅಪ್ಪಾ,

ಹೋದ ವಾರ ನಮ್ಮ ಬುದ್ಧವಿಹಾರದ ವೆಬ್‌ಸೈಟ್ ಪೂರ್ತಿ ಅಳಿಸಿಹೋಗಿತ್ತು. ಹೊಸ ಸರ್ವರ್‌ಗೆ ಸಾಗಿಸುವಾಗ ನಾನೇ ಮಾಡಿದ ಎಡವಟ್ಟು. ಬಡಾವಣೆಯಾಗುವ ಮುಂಚಿನ ಊರಿನ ಬಗ್ಗೆ ನೀನು ಒಂದೇ ಬೆರಳಲ್ಲಿ ಟೈಪ್ ಮಾಡಿದ ನಲವತ್ತೊಂದು ಬರಹಗಳೂ ಹೋದವೆಂದುಕೊಂಡೆ. ಇವತ್ತು ನಿನ್ನ ಗೆಳೆಯ ಯುವರಾಜ್ ಅಂಕಲ್ ವಿಹಾರದ ಬೀರುವಿನಿಂದ ಹಳೆಯ ಬ್ಯಾಕಪ್ ಸಿಡಿ ಹುಡುಕಿ ತಂದರು. ಎಲ್ಲವೂ ವಾಪಸ್ ಬಂದವು.

ಕೊನೆಯದರ ಪಕ್ಕದಲ್ಲಿ ಮಾತ್ರ ಬೀಗದ ಚಿತ್ರ. ‘ದೇವದಾಸ್ ತಿದ್ದುತ್ತಿದ್ದಾರೆ’ ಎಂದಿತ್ತು, ನೀನು ತೀರಿಕೊಂಡು ವರ್ಷವಾದ ಮೇಲೂ.

ತೆರೆದ ಪುಟ ಮುಚ್ಚದೆ ಹಾಗೇ ಕಂಪ್ಯೂಟರ್ ಆಫ್ ಮಾಡಿ ಏಳುವುದು ನಿನ್ನ ಅಭ್ಯಾಸ. ಆಮೇಲೆ ಅದನ್ನು ಬೇರೆ ಯಾರೂ ತಿದ್ದಲು ಆಗುತ್ತಿರಲಿಲ್ಲ.

“ಎಷ್ಟು ಸಲ ಹೇಳ್ಲಿ ಅಪ್ಪಾ? ಬರಲ್ಲ ಅಂದ್ರೆ ಬಿಟ್ಬಿಡು!” ಎಂದು ಒಮ್ಮೆ ಎಲ್ಲರೆದುರು ಗದರಿದ್ದೆ.

“ಆಯ್ತು ಕಲ್ಯಾಣಿ, ಇನ್ಮೇಲೆ ಮುಟ್ಟಲ್ಲ ಬಿಡಮ್ಮ,” ಎಂದು ನೀನು ನಕ್ಕಿದ್ದೆ. ಆಮೇಲೆ ನಿಜವಾಗಿಯೂ ಮುಟ್ಟಲಿಲ್ಲ; ಆ ಕೊನೆಯ ಬರಹ ಅರ್ಧಕ್ಕೇ ನಿಂತಿತು.

“ಬೀಗ ತೆಗೆದುಬಿಡಮ್ಮ, ಒಂದು ಕ್ಲಿಕ್ ತಾನೆ,” ಎಂದರು ಅಂಕಲ್.

ಮೌಸ್ ಮೇಲಿಂದ ಕೈ ತೆಗೆದೆ.

“ಬೇಡ ಅಂಕಲ್, ಅಪ್ಪ ಇನ್ನೂ ಬರೀತಾ ಇದಾರೆ.”