ಮಂಚದ ಪಕ್ಕದ ಕುರ್ಚಿ

ಪುಟ್ಟಾ,

ಊರಿಗೆಲ್ಲ ನೀನು ಪಾದ್ರಿಗಳು, ನನಗೆ ಮಾತ್ರ ಮೂಗು ಸೋರಿಸುತ್ತಿದ್ದ ತಮ್ಮ. ಮಣ್ಣು ಸೇರಿದವನಿಗೆ ಕಾಗದ ಬರೆಯುವುದನ್ನು ಮೊಮ್ಮಕ್ಕಳು ಕಂಡರೆ ಅಜ್ಜಿಗೆ ಅರಳುಮರಳು ಅಂದಾರು.

ಇವತ್ತು ಮಸೀದಿಯ ಮೌಲ್ವಿ ನಿನ್ನ ಸಮಾಧಿ ನೋಡಲು ಬಂದಿದ್ದರು. ಅವರ ಜನರ ಸಹವಾಸವೇ ಬೇಡವೆಂದು ನೀನು ವರ್ಷಗಟ್ಟಲೆ ಚರ್ಚಿನಲ್ಲಿ ಪ್ರಸಂಗ ಮಾಡಿದೆ. ಆದರೂ ನೀನು ಹಾಸಿಗೆ ಹಿಡಿದಾಗ ದಿನಾ ಸಂಜೆ ಬಂದು ಪಕ್ಕದಲ್ಲಿ ಕೂತವರು ಅವರೇ. ಅವರ ಚಪ್ಪಲಿಯ ಸದ್ದು ಕೇಳಿದ ಕೂಡಲೇ ನೀನು ಕಣ್ಣು ಮುಚ್ಚುತ್ತಿದ್ದೆ. ಯಾಕೋ ಅಂದರೆ, "ಯಾವ ಮುಖ ಇಟ್ಕೊಂಡು ಮಾತಾಡ್ಲಿ ಅಕ್ಕಾ" ಅಂದವನು ನೀನು.

"ಅಕ್ಕಾ, ಅವರು ನಿಜವಾಗ್ಲೂ ನಿದ್ದೆ ಮಾಡ್ತಿದ್ರಾ?" ಎಂದು ಮೌಲ್ವಿ ಕೇಳಿದರು.

"ಹೂಂ, ಗಾಢ ನಿದ್ದೆ" ಅಂದೆ.

"ಗೊರಕೆ ಮಾತ್ರ ಸ್ವಲ್ಪ ಜಾಸ್ತಿ ಆಗ್ತಿತ್ತು" ಎಂದು ನಕ್ಕರು.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ನೀವು ಬರೋ ಹೊತ್ತಾದ್ರೆ, 'ಮೆತ್ತಗಿರೋ ಕುರ್ಚಿ ಹಾಕಕ್ಕಾ, ಅವರಿಗೆ ಸೊಂಟ ನೋವು' ಅಂತ ನನ್ನ ಪ್ರಾಣ ತಿಂತಿದ್ದ" ಅಂದುಬಿಟ್ಟೆ.

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಒಂದು ಸಂಜೆ ಕಣ್ಣು ಬಿಟ್ಟು ಇದನ್ನು ನೀನೇ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಕುರ್ಚಿಯನ್ನು ನಿನ್ನ ಮಂಚದ ಪಕ್ಕದಿಂದ ತೆಗೆದಿಲ್ಲ. ನಾಳೆ ಸಂಜೆ ಹರಟೆಗೆ ಬರುತ್ತಾರಂತೆ. ನಾನಂತೂ ಗೊರಕೆ ಹೊಡೆಯುವುದಿಲ್ಲ.

ನಿನ್ನ ಅಕ್ಕ