ಸಾಕು ಎನ್ನಲು ಬಾರದ ಗಾಜು

ಅಘನಾಶಿನಿ ಅಳಿವೆ
ಕ್ರಿ.ಶ. 2319, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ (ನಮ್ಮ ವರ್ಷಕ್ಕೆ ಹದಿಮೂರು ತಿಂಗಳು)

ಪ್ರಯೋಗಶಾಲೆಯ ಹಿರಿಯರಿಗೆ,

ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲ ಕಳೆದು ಇಷ್ಟು ವರ್ಷಗಳಲ್ಲಿ ಎಷ್ಟೋ ಮಾತು ಸವೆದುಹೋಗಿದೆ, ಎಷ್ಟೋ ಹೊಸದು ಸೇರಿದೆ.

ನೀವು ಗೆರೆ ಅಚ್ಚೊತ್ತಿದ ಪಾಲಿಮರ್ ಹಾಳೆಯನ್ನು ನಾವು ಬಿತ್ತುಹಾಳೆ ಎನ್ನುತ್ತೇವೆ. ನೀರಿಗಿಳಿಸಿದರೆ ಆ ಗೆರೆಗಳ ಮೇಲೆ ಸಿಲಿಕಾ ಕೂತು ಗಾಜು ಬೆಳೆಯುತ್ತದೆ. ಕುಲುಮೆ ಬೇಡ, ಬೆಂಕಿ ಬೇಡ. ಡಯಾಟಮ್ ಎಂಬ ಸೂಕ್ಷ್ಮ ಪಾಚಿ ತನ್ನ ಗಾಜಿನ ಚಿಪ್ಪು ಕಟ್ಟಿಕೊಳ್ಳುವ ರೀತಿಯನ್ನೇ ನೀವು ನಕಲು ಮಾಡಿದಿರಿ. ಕಡಲು ಏರಿದಾಗ ಊರನ್ನು ಉಳಿಸಿದ್ದು ಆ ಬೆಳೆಗಾಜಿನ ಗೋಡೆ. ಇಲ್ಲಿ ಮಗು ಹುಟ್ಟಿದರೆ, ತೊಟ್ಟಿಲಿಗೆ ಹಾಕುವ ಮೊದಲು ಅದರ ಹೆಸರಲ್ಲೊಂದು ಹಾಳೆಯನ್ನು ಗೋಡೆಯ ಬುಡಕ್ಕೆ ಇಳಿಸುತ್ತೇವೆ. ನನ್ನ ಮಗಳು ಮಾದೇವಿಯದನ್ನು ನಾನೇ ಇಳಿಸಿದ್ದೆ.

ಈಗ ಮಾದೇವಿ ಇಳಿತದ ಹೊತ್ತಿಗೆ ಚಿಪ್ಪಿಕಲ್ಲು ಆಯಲು ಹೋಗಿ ಬರಿಗೈಯಲ್ಲಿ ಬರುತ್ತಾಳೆ. ನೀರಿನ ಸಿಲಿಕಾವನ್ನೆಲ್ಲ ಗೋಡೆ ಹೀರುತ್ತಿದೆ. ಪಾಚಿಗೆ ಚಿಪ್ಪು ಕಟ್ಟಲು ಏನೂ ಉಳಿದಿಲ್ಲ. ಪಾಚಿ ತಿಂದು ಬದುಕುವ ಚಿಪ್ಪಿಕಲ್ಲೂ ಮೀನೂ ಇಲ್ಲವಾಗಿವೆ.

ಪಾಪ, ನಿಮಗೆ ತಿಳಿದಿರಲಿಲ್ಲ ಎಂದುಕೊಂಡಿದ್ದೆ. ಪ್ರತಿ ಗೋಡೆಹಬ್ಬಕ್ಕೂ ಶಾಲೆಯಲ್ಲಿ ನಿಮ್ಮ ಭಾಷಣದ ಧ್ವನಿಮುದ್ರಣ ಹಾಕುತ್ತಾರೆ. ಈ ಸಲ ಕಿವಿಗೊಟ್ಟು ಕೇಳಿದೆ. ನಿಮ್ಮಲ್ಲೊಬ್ಬರು ನಗುತ್ತಾ ಹೇಳುತ್ತಾರೆ: "ಚಿಪ್ಪು ಕಟ್ಟಿ ಮುಗೀತು ಅಂದ್ರೆ ಪಾಚಿ ನಿಲ್ಲಿಸ್ಬಿಡುತ್ತೆ. ನಮ್ ಹಾಳೆಗೆ ಸಾಕು ಅನ್ನೋದೇ ಗೊತ್ತಿಲ್ಲ. ನೀರಲ್ಲಿ ಇರೋದು ಖಾಲಿ ಆಗೋವರೆಗೂ ಬೆಳೀತಾನೇ ಇರುತ್ತೆ. ಅಷ್ಟು ಹೊತ್ತಿಗೆ ನಾವ್ಯಾರೂ ಇರಲ್ಲ ಬಿಡಿ." ಆಮೇಲೆ ಚಪ್ಪಾಳೆ. ನಾವೂ ತಲೆತಲಾಂತರದಿಂದ ಅದೇ ಜಾಗದಲ್ಲಿ ಚಪ್ಪಾಳೆ ತಟ್ಟುತ್ತಾ ಬಂದಿದ್ದೇವೆ. ನಿಮ್ಮನ್ನು ನಂಬಿ ಕೆಟ್ಟೆವು.

ಹಾಳೆಗಳು ಗೋಡೆಯೊಳಗೇ ಹೂತುಹೋಗಿವೆ, ಬಿಡಿಸಲು ಬರುವುದಿಲ್ಲ. ಗೋಡೆ ಉಳಿದರೆ ಹೊಳೆ ಸಾಯುತ್ತದೆ, ಕೆಡವಿದರೆ ಕಡಲು ಒಳಗೆ ಬರುತ್ತದೆ. ಊರವರು ಹೊಳೆಯನ್ನು ಆರಿಸಿಕೊಂಡಿದ್ದಾರೆ. ನಾಳೆ ಕೆಡವಿ, ಚೂರುಗಳನ್ನು ನೀರಿನಿಂದ ದಡಕ್ಕೆ ಎಳೆದುಹಾಕುತ್ತೇವೆ. ಮೊದಲು ನೀರು ನುಗ್ಗುವುದು ತಗ್ಗಿನಲ್ಲಿರುವ ಮಾದೇವಿಯ ಮನೆಗೆ. ಅವಳು ತುಂಬು ಬಸುರಿ. ಅವಳ ಅಡುಗೆಮನೆಯ ಸಾಮಾನು ಕಟ್ಟಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಹಾಳೆ ಇನ್ನೂ ನಿಮ್ಮ ಮೇಜಿನ ಮೇಲಿರುವಾಗಲೇ ಈ ಪತ್ರ ತಲುಪಲಿ. ಅದಕ್ಕೆ ನಿಲ್ಲುವುದನ್ನು ಕಲಿಸಿ, ಆಮೇಲೆ ನೀರಿಗಿಳಿಸಿ. ಕಲಿಸಲು ಆಗದಿದ್ದರೆ ಇಳಿಸಬೇಡಿ.

ಹಿರಿಯರಿಗೆ ಬರೆದ ಪತ್ರದ ಕೊನೆಗೆ ಆಶೀರ್ವಾದ ಬೇಡುವುದು ನಮ್ಮಲ್ಲಿ ವಾಡಿಕೆ. ನಿಮ್ಮದು ನನಗೆ ಬೇಡ.

ಸಣ್ಣಮ್ಮ ಅಂಬಿಗ